ಸ್ಟ್ರಾಟ್‌ಫರ್ಡ್ ದಾಖಲೆಗಳಲ್ಲಿ ವಿಲಿಯಂ ಷೇಕ್ಸ್‌ಪಿಯರ್

ವಿಲಿಯಂ ಷೇಕ್ಸ್‌ಪಿಯರ್ (1564–1616) ಇಂಗ್ಲಿಷ್ ಭಾಷೆಯ ಮಹಾಕವಿ ಮತ್ತು ನಾಟಕಕಾರ. ಆತನ ಹುಟ್ಟೂರು ಇಂಗ್ಲೆಂಡಿನ ವಾರಿಕ್‌ಷೈರ್ ಪ್ರಾಂತ್ಯದಲ್ಲಿ ಏವನ್ ನದಿಯ ದಡದಲ್ಲಿರುವ ಸ್ಟ್ರಾಟ್‌ಫರ್ಡ್. ಆತನ ಖಾಸಗಿ ಬದುಕಿನ ಬಗ್ಗೆ ಇಂದು ತಿಳಿದಿರುವ ಬಹುಪಾಲು ಸಂಗತಿಗಳು ಈ ಪಟ್ಟಣದ ಚರ್ಚ್ ನೋಂದಣಿ ಪುಸ್ತಕ, ಪುರಸಭೆಯ ಕಡತ ಹಾಗೂ ಆಸ್ತಿಪತ್ರಗಳಿಂದ ದೊರೆತವು. ಈ ಕಾಗದಗಳಲ್ಲಿ ಕಾಣುವವನು ಕವಿಯಲ್ಲ, ಒಬ್ಬ ಗೃಹಸ್ಥ ಮತ್ತು ಭೂಮಾಲೀಕ.

ಜನನ ಮತ್ತು ಮನೆತನ

ಹೋಲಿ ಟ್ರಿನಿಟಿ ಚರ್ಚಿನ ಪುಸ್ತಕದಲ್ಲಿ ಆತನ ದೀಕ್ಷಾಸ್ನಾನ 1564ರ ಏಪ್ರಿಲ್ 26ರಂದು ನಡೆದುದಾಗಿ ದಾಖಲಾಗಿದೆ. ಅದೇ ವರ್ಷದ ಜುಲೈ ತಿಂಗಳ ಪುಟದಲ್ಲಿ ಪ್ಲೇಗ್ ಆರಂಭವಾದ ಸೂಚನೆಯಿದೆ. ಇನ್ನೂರಕ್ಕೂ ಹೆಚ್ಚು ಜನ ಸತ್ತ ಆ ವರ್ಷದಲ್ಲಿ ಶಿಶು ಬದುಕುಳಿಯಿತು. ತಂದೆ ಜಾನ್ ಷೇಕ್ಸ್‌ಪಿಯರ್ ಕೈಗವಸು ತಯಾರಕ. 1552ರಲ್ಲಿ ಹೆನ್ಲಿ ಬೀದಿಯಲ್ಲಿ ತಿಪ್ಪೆ ಹಾಕಿದ್ದಕ್ಕೆ ಒಂದು ಶಿಲ್ಲಿಂಗ್ ದಂಡ ತೆತ್ತಿದ್ದ ಆತನೇ 1568ರಲ್ಲಿ ಪುರಪ್ರಮುಖನಾದ. ಮುಂದೆ ಸಾಲಕ್ಕೆ ಸಿಲುಕಿ, ಸಭೆಗಳಿಗೆ ಬಾರದೆ, 1586ರಲ್ಲಿ ಸದಸ್ಯತ್ವವನ್ನೂ ಕಳೆದುಕೊಂಡ.

ವಿವಾಹ ಮತ್ತು ಮಕ್ಕಳು

1582ರ ನವೆಂಬರ್‌ನಲ್ಲಿ ವೂಸ್ಟರಿನಲ್ಲಿ ಬರೆಯಲಾದ ವಿವಾಹ ಕರಾರು ಉಳಿದಿದೆ. ಆಗ ಆತನಿಗೆ 18 ವರ್ಷ. ಪತ್ನಿ ಆನ್ ಹ್ಯಾಥವೇ ಸುಮಾರು ಎಂಟು ವರ್ಷ ಹಿರಿಯಳು. 1583ರಲ್ಲಿ ಸುಸಾನಾ, 1585ರಲ್ಲಿ ಅವಳಿಗಳಾದ ಹ್ಯಾಮ್ನೆಟ್ ಮತ್ತು ಜೂಡಿತ್ ಜನಿಸಿದರು. ಏಕೈಕ ಪುತ್ರ ಹ್ಯಾಮ್ನೆಟ್ ಹನ್ನೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. 1596ರ ಆಗಸ್ಟ್ 11ರ ಸಮಾಧಿಯ ನಮೂದು ಒಂದೇ ಸಾಲಿನದು. ಸಾವಿನ ಕಾರಣವನ್ನು ಅದು ಹೇಳುವುದಿಲ್ಲ.

ಆಸ್ತಿಪಾಸ್ತಿ

1597ರಲ್ಲಿ ಷೇಕ್ಸ್‌ಪಿಯರ್ ಪಟ್ಟಣದ ಎರಡನೆಯ ಅತಿ ದೊಡ್ಡ ಮನೆಯಾದ ನ್ಯೂ ಪ್ಲೇಸ್ ಅನ್ನು ಕೊಂಡ. ಸತತ ಬೆಳೆನಾಶದಿಂದ ಧಾನ್ಯದ ಅಭಾವ ಉಂಟಾಗಿದ್ದ 1598ರ ಫೆಬ್ರವರಿಯ ಗಣತಿಯಲ್ಲಿ ಆತನ ಹೆಸರಿನಲ್ಲಿ 10 ಕ್ವಾರ್ಟರ್, ಅಂದರೆ 80 ಬುಷೆಲ್ ಧಾನ್ಯ ದಾಖಲಾಗಿದೆ. ಅದೇ ವರ್ಷ ಊರಿನವನಾದ ರಿಚರ್ಡ್ ಕ್ವಿನಿ 30 ಪೌಂಡ್ ಸಾಲ ಕೇಳಿ ಬರೆದ ಕಾಗದವೇ ಷೇಕ್ಸ್‌ಪಿಯರನನ್ನು ಉದ್ದೇಶಿಸಿದ, ಇಂದಿಗೂ ಉಳಿದಿರುವ ಏಕೈಕ ಪತ್ರ. ಅದು ಬರೆದವನ ಕಾಗದಗಳಲ್ಲಿಯೇ ಸಿಕ್ಕಿದ್ದರಿಂದ ತಲುಪಿರಲಾರದೆಂದು ಊಹಿಸಲಾಗಿದೆ. 1602ರಲ್ಲಿ ಆತ 320 ಪೌಂಡಿಗೆ 107 ಎಕರೆ ಭೂಮಿಯನ್ನೂ 1605ರಲ್ಲಿ 440 ಪೌಂಡಿಗೆ ದಶಾಂಶ ತೆರಿಗೆಯ ಪಾಲನ್ನೂ ಕೊಂಡ.

ವೆಲ್ಕಂ ಬೇಲಿ ವಿವಾದ

1614ರಲ್ಲಿ ಬೆಂಕಿ ಅನಾಹುತದಿಂದ ಪಟ್ಟಣ ನೊಂದಿದ್ದಾಗಲೇ ಸಮೀಪದ ವೆಲ್ಕಂನ ಸಾಮೂಹಿಕ ಹೊಲಗಳಿಗೆ ಬೇಲಿ ಹಾಕಲು ಕೂಂಬ್ ಮನೆತನದವರು ಮುಂದಾದರು. ಉಳುಮೆಯ ನೆಲ ಕುರಿಗಳ ಹುಲ್ಲುಗಾವಲಾದರೆ ಬಡವರ ದುಡಿಮೆ ಕುಂದುವುದೆಂದು ಪುರಸಭೆ ವಿರೋಧಿಸಿತು. ಷೇಕ್ಸ್‌ಪಿಯರ್ ಅಕ್ಟೋಬರ್ 28ರಂದು ತನಗಾಗಬಹುದಾದ ನಷ್ಟವನ್ನು ತುಂಬಿಕೊಡುವ ಒಪ್ಪಂದ ಮಾಡಿಕೊಂಡ. ಪುರಸಭೆ ಆತನಿಗೆ ಪತ್ರ ಬರೆದ ಸಂಗತಿ ಪಟ್ಟಣದ ಗುಮಾಸ್ತ ಥಾಮಸ್ ಗ್ರೀನ್‌ನ ಟಿಪ್ಪಣಿಗಳಲ್ಲಿದೆ. ಆತ ಬಹಿರಂಗವಾಗಿ ಪಟ್ಟಣದ ಪಕ್ಷ ವಹಿಸಿದ ದಾಖಲೆಯಿಲ್ಲ. ಆ ಚಳಿಗಾಲದಲ್ಲಿ ಬೇಲಿಯ ಕಂದಕಗಳನ್ನು ಮುಚ್ಚಿದವರು ಊರಿನ ಹೆಂಗಸರು ಮತ್ತು ಮಕ್ಕಳು. 1615ರಲ್ಲಿ ನ್ಯಾಯಾಲಯವೂ ಬೇಲಿಗೆ ತಡೆ ನೀಡಿತು.

ನಿಧನ

1616ರ ಮಾರ್ಚ್ 25ರ ಉಯಿಲಿನಲ್ಲಿ ಷೇಕ್ಸ್‌ಪಿಯರ್ ಸ್ಟ್ರಾಟ್‌ಫರ್ಡಿನ ಬಡವರಿಗೆ 10 ಪೌಂಡ್ ಬಿಟ್ಟ. ಏಪ್ರಿಲ್ 23ರಂದು ನಿಧನನಾದ ಆತನನ್ನು 25ರಂದು, ದೀಕ್ಷಾಸ್ನಾನವಾದ ಚರ್ಚಿನಲ್ಲಿಯೇ ಸಮಾಧಿ ಮಾಡಲಾಯಿತು.

ಪಟ್ಟಣ ಮತ್ತು ನಾಟಕ

ಆತ ಜೀವಿಸಿದ್ದಾಗಲೇ, 1602ರಲ್ಲಿ, ಪುರಸಭೆ ತನ್ನ ಸಭಾಂಗಣದಲ್ಲಿ ನಾಟಕಗಳನ್ನು ನಿಷೇಧಿಸಿತು. 1612ರಲ್ಲಿ ದಂಡವನ್ನು 10 ಪೌಂಡಿಗೆ ಏರಿಸಿತು. 1622ರಲ್ಲಿ ಆತನದೇ ತಂಡವಾಗಿದ್ದ ಕಿಂಗ್ಸ್ ಮೆನ್ ಊರಿಗೆ ಬಂದಾಗ, ಸಭಾಂಗಣದಲ್ಲಿ ನಾಟಕವಾಡದಿರಲೆಂದು ನಟರಿಗೆ 6 ಶಿಲ್ಲಿಂಗ್ ಕೊಡಲಾಯಿತು. ಮರುವರ್ಷ, 1623ರಲ್ಲಿ, ಆತನ 36 ನಾಟಕಗಳ ಸಂಪುಟ ಲಂಡನ್ನಿನಲ್ಲಿ ಅಚ್ಚಾಯಿತು.