ದುಡಿಮೆಯ ಬಿಡುವಿನಲ್ಲಿ ಆಡಿ ಜಗತ್ತನ್ನು ಗೆದ್ದ ಬಾಬಿ ಜೋನ್ಸ್

2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕೂದಲೆಳೆಯ ಅಂತರದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯ ಸ್ಥಾನ ಪಡೆದರು. ಅದುವರೆಗೆ ಗಾಲ್ಫ್ ಆಟವನ್ನು ಕಣ್ಣೆತ್ತಿಯೂ ನೋಡಿರದ ಅನೇಕ ಕನ್ನಡಿಗರು ಅಂದು ಬೆಳಗಿನ ಜಾವದಿಂದಲೇ ಟಿ.ವಿ.ಯ ಮುಂದೆ ಕುಳಿತಿದ್ದರು. ಕರ್ನಾಟಕಕ್ಕೆ ಈ ಆಟ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಆದರೂ ರಾಜ್ಯದ ಬಹುಪಾಲು ಊರುಗಳಿಗೆ ಅದು ಇಂದಿಗೂ ದೂರದ ಆಟವೇ ಸರಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಹಗಲೆಲ್ಲ ಹೊಲ, ಶಾಲೆ, ಕಚೇರಿ, ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿದು ಸಂಜೆ ವಾಲಿಬಾಲ್ ನೆಟ್ ಕಟ್ಟುವ ಯುವಕರಿಗೂ ಗಾಲ್ಫ್‌ಗೂ ಸಂಬಂಧವಿಲ್ಲವೆಂದು ತೋರಬಹುದು. ಆದರೆ ಆ ಯುವಕರನ್ನು ಕಾಡುವ ಪ್ರಶ್ನೆಯೇ ಜಗತ್ತಿನ ಹವ್ಯಾಸಿ ಗಾಲ್ಫ್ ಆಟಗಾರರನ್ನೂ ಕಾಡುತ್ತ ಬಂದಿದೆ. ದೊರೆಯುವುದು ದಿನಕ್ಕೊಂದು ಗಂಟೆ, ಇಲ್ಲವೇ ವಾರಕ್ಕೊಂದು ದಿನ. ಅಷ್ಟರಲ್ಲಿ ಏನನ್ನು ಅಭ್ಯಾಸ ಮಾಡಬೇಕು? ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರು ಅಮೆರಿಕದ ಬಾಬಿ ಜೋನ್ಸ್. ಅವರು ಕಾಲವಾಗಿ ಅರ್ಧ ಶತಮಾನ ಸಂದಿದೆ. ಆಟವನ್ನು ಹೊಟ್ಟೆಪಾಡಿಗೆಂದು ಆಡದೆ, ಆಡುತ್ತಿದ್ದ ಅಷ್ಟೂ ಕಾಲ ಹವ್ಯಾಸಿಯಾಗಿಯೇ ಉಳಿದು ವೃತ್ತಿಪರರನ್ನು ಸೋಲಿಸಿದವರು ಅವರು.

ಟೋಪಿಯ ತುಂಬ ಹಳೆಯ ಚೆಂಡುಗಳು

ರಾಬರ್ಟ್ ಟೈರ್ ಜೋನ್ಸ್ ಜನಿಸಿದ್ದು 1902ರ ಮಾರ್ಚ್ 17ರಂದು, ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ. ತಂದೆ ವಕೀಲರು. ಎಳವೆಯಲ್ಲಿ ಬಾಲಕ ತೀರ ಅಶಕ್ತನಾಗಿದ್ದ. ಐದು ವರ್ಷ ತುಂಬುವವರೆಗೂ ಗಟ್ಟಿ ಆಹಾರ ಅವನಿಗೆ ಒಗ್ಗುತ್ತಿರಲಿಲ್ಲ. ಮಗನ ಆರೋಗ್ಯ ಸುಧಾರಿಸಲೆಂದು ಕುಟುಂಬ ಬೇಸಿಗೆಯಲ್ಲಿ ಊರ ಹೊರಗಿನ ಈಸ್ಟ್ ಲೇಕ್ ಎಂಬಲ್ಲಿಗೆ ಹೋಗಿ ನೆಲೆಸತೊಡಗಿತು. ಅಲ್ಲಿ ಗಾಲ್ಫ್ ಮೈದಾನ ಮನೆಯ ಮಗ್ಗುಲಲ್ಲೇ ಇತ್ತು.

ಅಲ್ಲಿನ ತರಬೇತುದಾರ ಸ್ಟುವರ್ಟ್ ಮೇಡನ್ ಸ್ಕಾಟ್ಲೆಂಡಿನ ಕಾರ್ನೂಸ್ಟಿಯವರು, ಮಿತಭಾಷಿ. ಬಾಲಕ ಅವರ ಬಳಿ ಕ್ರಮವಾಗಿ ಪಾಠ ಹೇಳಿಸಿಕೊಂಡವನಲ್ಲ. ಅವರು ಆಡುವಾಗ ಹಿಂದೆ ಹಿಂದೆ ನಡೆದು, ಕೋಲು ಬೀಸುವ ಬಗೆಯನ್ನು ಕಣ್ಣಲ್ಲಿ ತುಂಬಿಕೊಂಡು, ಮನೆಗೆ ಬಂದು ಅದನ್ನೇ ಅನುಕರಿಸುತ್ತಿದ್ದ. ಟೋಪಿಯ ತುಂಬ ಹಳೆಯ ಚೆಂಡುಗಳನ್ನು ಹೊತ್ತು ಹದಿಮೂರನೆಯ ಕುಳಿಯ ಬಳಿಗೆ ಹೋಗುವುದು ಅವನ ರೂಢಿ. ಸ್ವಲ್ಪ ದೂರದಿಂದ ಚೆಂಡನ್ನು ಎತ್ತಿ ಹೊಡೆದು ಗ್ರೀನ್ ಮೇಲೆ ಬೀಳಿಸುವುದು, ಅಲ್ಲಿಂದ ಕುಳಿಗೆ ಉರುಳಿಸುವುದು, ಮತ್ತೆ ಮೊದಲಿನಿಂದ ಆರಂಭಿಸುವುದು. ಕತ್ತಲಾಗುವವರೆಗೂ ಇದೇ ಆಟ. ಅದನ್ನು ಅಭ್ಯಾಸವೆಂದು ಅವನು ಎಣಿಸಿರಲಿಲ್ಲ. ಆದರೆ ಜೋನ್ಸ್ ಅವರ ನಿಜವಾದ ಅಭ್ಯಾಸವೆಂದರೆ ಇದೇ. ಮುಂದೆ ಪ್ರೌಢರಾದ ಮೇಲೆ ಅವರು ಕಡಿಮೆ ಅಭ್ಯಾಸದಲ್ಲಿ ಗೆಲ್ಲುತ್ತಿದ್ದರೆಂದು ಹೇಳುವವರು ಈ ಬಾಲ್ಯದ ಸಂಜೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ತಪ್ಪಾದೀತು.

1913ರಲ್ಲಿ ಇಂಗ್ಲೆಂಡಿನ ಹೆಸರಾಂತ ಆಟಗಾರ ಹ್ಯಾರಿ ವಾರ್ಡನ್ ಈಸ್ಟ್ ಲೇಕ್‌ಗೆ ಬಂದು ಆಡಿದರು. ಹನ್ನೊಂದು ವರ್ಷದ ಬಾಲಕ ಅವರ ಬೆನ್ನು ಬಿಡದೆ ಇಡೀ ಪಂದ್ಯ ನೋಡಿದ. ವಾರ್ಡನ್ ಎದುರಾಳಿಯ ಕಡೆ ನೋಡುತ್ತಲೇ ಇರಲಿಲ್ಲ. ಪ್ರತಿ ಕುಳಿಗೂ ಇಂತಿಷ್ಟು ಹೊಡೆತವೆಂದು ನಿಗದಿಯಾದ ಸಂಖ್ಯೆಯೊಂದಿರುತ್ತದೆ. ಅದಕ್ಕೆ ಪಾರ್ ಎಂದು ಹೆಸರು. ವಾರ್ಡನ್ ಆಡುತ್ತಿದ್ದದ್ದು ಆ ಪಾರ್‌ನೊಂದಿಗೆ ಮಾತ್ರ. ಈ ಸಂಗತಿ ಬಾಲಕನ ಮನಸ್ಸಿನಲ್ಲಿ ನಾಟಿತು. ಅದು ಫಲ ಕೊಡಲು ಮಾತ್ರ ಹತ್ತು ವರ್ಷ ಹಿಡಿಯಿತು.

ಕೈ ಪಳಗಿತ್ತು, ಮನಸ್ಸು ಪಳಗಿರಲಿಲ್ಲ

1916ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಜೋನ್ಸ್ ಜಾರ್ಜಿಯಾ ರಾಜ್ಯದ ಹವ್ಯಾಸಿ ಪ್ರಶಸ್ತಿ ಗೆದ್ದರು. ಅದೇ ವರ್ಷ ಮೇರಿಯನ್ ಮೈದಾನದಲ್ಲಿ ನಡೆದ ರಾಷ್ಟ್ರೀಯ ಹವ್ಯಾಸಿ ಚಾಂಪಿಯನ್‌ಷಿಪ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿ ಎಲ್ಲರ ಗಮನ ಸೆಳೆದರು. ಅಲ್ಲಿಂದ ಮುಂದಿನ ಏಳು ವರ್ಷ ಯಾವ ದೊಡ್ಡ ಪ್ರಶಸ್ತಿಯೂ ಕೈಗೆ ಹತ್ತಲಿಲ್ಲ.

ಕೌಶಲದ ಕೊರತೆ ಇದಕ್ಕೆ ಕಾರಣವಾಗಿರಲಿಲ್ಲ. ಜೋನ್ಸ್ ಮುಂಗೋಪಿಯಾಗಿದ್ದರು. ಹೊಡೆತವೊಂದು ಕೆಟ್ಟರೆ ಕೋಲನ್ನು ಎಸೆದುಬಿಡುತ್ತಿದ್ದರು. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಬ್ರಿಟಿಷ್ ಓಪನ್ ನಡೆಯುತ್ತಿತ್ತು. ಮೂರನೆಯ ಸುತ್ತಿನ ಹನ್ನೊಂದನೆಯ ಕುಳಿಯಲ್ಲಿ ಚೆಂಡು ಮರಳುಗುಂಡಿಗೆ ಸಿಕ್ಕಿಬಿದ್ದಾಗ ಅವರು ತಾಳ್ಮೆಗೆಟ್ಟು ಆಟದಿಂದಲೇ ಹೊರಬಿದ್ದರು. ಗಾಲ್ಫ್‌ನ ತವರಿನಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಅವರು ಎಸೆದ ಕೋಲು ಪ್ರೇಕ್ಷಕ ಮಹಿಳೆಯೊಬ್ಬರ ಕಾಲಿಗೆ ತಗುಲಿತು. ನಡವಳಿಕೆ ತಿದ್ದಿಕೊಳ್ಳದಿದ್ದರೆ ಚಾಂಪಿಯನ್‌ಷಿಪ್‌ಗಳಿಗೆ ಪ್ರವೇಶವಿಲ್ಲವೆಂದು ಅಮೆರಿಕದ ಗಾಲ್ಫ್ ಸಂಸ್ಥೆ ಎಚ್ಚರಿಸಿತು.

ಎಷ್ಟು ಗಂಟೆ ಚೆಂಡು ಹೊಡೆದರೂ ವಾಸಿಯಾಗದ ದೋಷ ಇದು. ಕೆಟ್ಟ ಹೊಡೆತವನ್ನು ಅಲ್ಲಿಯೇ ಬಿಟ್ಟು ಮುಂದಿನದಕ್ಕೆ ಮನಸ್ಸನ್ನು ಅಣಿಗೊಳಿಸುವುದನ್ನು ಜೋನ್ಸ್ ಬೇರೆಯೇ ಅಭ್ಯಾಸವಾಗಿ ಕಲಿಯಬೇಕಾಯಿತು. ಎದುರಾಳಿಯನ್ನು ಮರೆತು ಪಾರ್‌ನೊಂದಿಗೆ ಆಡುವ ವಾರ್ಡನ್ ಅವರ ಪಾಠ ಈಗ ನೆರವಿಗೆ ಬಂತು. 1923ರ ಜುಲೈನಲ್ಲಿ ಇನ್‌ವುಡ್ ಮೈದಾನದಲ್ಲಿ ನಡೆದ ಅಮೆರಿಕ ಓಪನ್‌ನ ಕೊನೆಯ ಕುಳಿಯಲ್ಲಿ ಅವರು ಎಡವಿ ಆರು ಹೊಡೆತ ತೆಗೆದುಕೊಂಡರು. ಬಾಬಿ ಕ್ರುಕ್‌ಷ್ಯಾಂಕ್ ಜತೆ ಸಮನಾಗಿ ಮರುದಿನ ಮತ್ತೊಂದು ಸುತ್ತು ಆಡಬೇಕಾಯಿತು. ಹಿಂದಿನ ಜೋನ್ಸ್ ಆಗಿದ್ದರೆ ಅಲ್ಲಿಗೇ ಕುಸಿಯುತ್ತಿದ್ದರು. ಈ ಸಲ ಅದೇ ಕೊನೆಯ ಕುಳಿಯಲ್ಲಿ, ನೀರಿನ ಆಚೆಗಿದ್ದ ಗ್ರೀನ್‌ಗೆ ಹಿಂಜರಿಯದೆ ಚೆಂಡು ಹೊಡೆದು ಗೆದ್ದರು.

ಓದು, ಕಚೇರಿ, ವಾರಾಂತ್ಯ

ಇದೆಲ್ಲ ನಡೆಯುತ್ತಿದ್ದಾಗ ಜೋನ್ಸ್ ವಿದ್ಯಾರ್ಥಿಯಾಗಿದ್ದರು. 1922ರಲ್ಲಿ ಜಾರ್ಜಿಯಾ ಟೆಕ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. 1924ರಲ್ಲಿ ಹಾರ್ವರ್ಡ್‌ನಿಂದ ಇಂಗ್ಲಿಷ್ ಸಾಹಿತ್ಯದ ಪದವಿ ಬಂತು. ಅದೇ ವರ್ಷ ಮೇರಿ ಮಲೋನ್ ಅವರೊಂದಿಗೆ ವಿವಾಹವಾಯಿತು. ಬಳಿಕ ಎಮೊರಿ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಪದವಿ ಮುಗಿಯುವ ಮೊದಲೇ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತಂದೆಯ ಕಚೇರಿ ಸೇರಿದರು.

ಹೀಗಾಗಿ ಅವರ ಆಟ ವರ್ಷದ ಕೆಲವೇ ತಿಂಗಳಿಗೆ ಸೀಮಿತವಾಗಿತ್ತು. ಚಳಿಗಾಲದಲ್ಲಿ ಕೋಲುಗಳು ಬಹುಮಟ್ಟಿಗೆ ಮೂಲೆ ಸೇರುತ್ತಿದ್ದವು. ಉಳಿದ ದಿನಗಳಲ್ಲಿ ತಂದೆ ಮತ್ತು ಗೆಳೆಯರೊಂದಿಗೆ ವಾರಾಂತ್ಯದ ಆಟ. 1923ರಿಂದ 1930ರವರೆಗಿನ ಎಂಟು ವರ್ಷಗಳಲ್ಲಿ ಅವರು ಆಡಿದ ಪ್ರಮುಖ ಚಾಂಪಿಯನ್‌ಷಿಪ್‌ಗಳು 21. ಗೆದ್ದದ್ದು 13.

ಬಿಡುವಿನ ಅಲ್ಪ ಸಮಯವನ್ನು ಅವರು ಬಳಸುತ್ತಿದ್ದ ರೀತಿ ಗಮನಾರ್ಹ. ಬುಟ್ಟಿ ತುಂಬ ಚೆಂಡುಗಳನ್ನಿಟ್ಟುಕೊಂಡು ಒಂದಾದ ಮೇಲೊಂದು ಬಾರಿಸುತ್ತ ಹೋಗುವುದು ಅವರಿಗೆ ಒಗ್ಗುತ್ತಿರಲಿಲ್ಲ. ಆಟದಲ್ಲಿ ತೊಡಕು ಕಂಡಾಗ ಮಾತ್ರ, ಆ ತೊಡಕನ್ನು ಬಿಡಿಸಿಕೊಳ್ಳಲೆಂದೇ ಅಭ್ಯಾಸಕ್ಕೆ ನಿಲ್ಲುತ್ತಿದ್ದರು. ಸ್ವತಃ ಪತ್ತೆಹಚ್ಚಲಾಗದಿದ್ದರೆ ಮೇಡನ್ ಅವರನ್ನು ಕರೆಸುತ್ತಿದ್ದರು. ಆ ಮಿತಭಾಷಿ ಕೆಲವು ಹೊಡೆತಗಳನ್ನು ನೋಡಿ, ಪಾದ ಅಥವಾ ಭುಜದ ನಿಲುವನ್ನು ಕೊಂಚ ಬದಲಿಸಲು ಹೇಳಿ ಹೊರಟುಬಿಡುತ್ತಿದ್ದರು. ದೋಷ ನೀಗಿತೆಂದರೆ ಅಭ್ಯಾಸವೂ ಮುಗಿಯಿತು.

ಹವ್ಯಾಸಿಗಳು ಇಂದಿಗೂ ಹೆಚ್ಚಾಗಿ ಇದಕ್ಕೆ ವಿರುದ್ಧವಾಗಿ ನಡೆಯುತ್ತಾರೆ. ಸಿಕ್ಕ ಒಂದು ಗಂಟೆಯನ್ನು ಉದ್ದನೆಯ ಕೋಲು ಹಿಡಿದು ಚೆಂಡನ್ನು ಎಷ್ಟು ದೂರ ಅಟ್ಟಬಹುದೆಂದು ನೋಡುವುದರಲ್ಲೇ ಕಳೆಯುತ್ತಾರೆ. ದೂರ ಹೋದ ಚೆಂಡು ಕಣ್ಣಿಗೆ ಹಬ್ಬ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. 18 ಕುಳಿಗಳ ಮೈದಾನದ ಪಾರ್ ಸಾಮಾನ್ಯವಾಗಿ 72. ಪ್ರತಿ ಗ್ರೀನ್ ಮೇಲೆ ಚೆಂಡು ಉರುಳಿಸಲು ಎರಡು ಹೊಡೆತವೆಂಬ ಎಣಿಕೆಯ ಮೇಲೆ ಈ ಸಂಖ್ಯೆ ನಿಂತಿದೆ. ಅಂದರೆ 72ರಲ್ಲಿ 36, ಸರಿಯಾಗಿ ಅರ್ಧ, ಕುಳಿಯ ಹತ್ತಿರದ ಮೆಲುಹೊಡೆತಗಳು. 1926ರಲ್ಲಿ ಬ್ರಿಟಿಷ್ ಓಪನ್‌ನ ಅರ್ಹತಾ ಸುತ್ತಿನಲ್ಲಿ ಸನಿಂಗ್‌ಡೇಲ್ ಮೈದಾನದಲ್ಲಿ ಜೋನ್ಸ್ 66 ಹೊಡೆತಗಳಲ್ಲಿ ಆಟ ಮುಗಿಸಿದರು. ಅಂದಿನ ಕಾಲಕ್ಕೆ ಅದೊಂದು ಅದ್ಭುತ. ಅದರಲ್ಲೂ 33 ಹೊಡೆತ ಗ್ರೀನ್ ಮೇಲಿನವು, ಉಳಿದ 33 ಬೇರೆ. ಟೋಪಿಯಲ್ಲಿ ಚೆಂಡು ತುಂಬಿಕೊಂಡು ಹದಿಮೂರನೆಯ ಕುಳಿಗೆ ಹೋಗುತ್ತಿದ್ದ ಬಾಲಕ ಕಲಿತದ್ದು ಆಟದ ಈ ಅರ್ಧವನ್ನೇ.

ಪ್ರಾಮಾಣಿಕತೆಯೂ ಅವರಿಗೆ ರೂಢಿಯಾಗಿಹೋಗಿತ್ತು. 1925ರ ಅಮೆರಿಕ ಓಪನ್‌ನಲ್ಲಿ ಹೊಡೆಯಲು ಅಣಿಯಾಗುತ್ತಿದ್ದಾಗ ಚೆಂಡು ತುಸು ಅಲುಗಿತು. ಬೇರೆ ಯಾರೂ ಅದನ್ನು ಕಾಣಲಿಲ್ಲ. ಜೋನ್ಸ್ ತಾವೇ ಹೇಳಿ ಒಂದು ಹೊಡೆತದ ದಂಡ ತೆತ್ತರು. ಕೊನೆಯಲ್ಲಿ ಪಂದ್ಯ ಸಮನಾಗಿ, ಹೆಚ್ಚುವರಿ ಆಟದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್ ಎದುರು ಸೋತರು. ಆ ಒಂದು ಹೊಡೆತ ಉಳಿದಿದ್ದರೆ ಪ್ರಶಸ್ತಿ ಅವರದಾಗುತ್ತಿತ್ತು. ಜನ ಹೊಗಳಿದಾಗ ಅವರು ಮುಜುಗರಪಟ್ಟರು. ನಿಯಮ ಪಾಲಿಸಿದ್ದಕ್ಕೆ ಮೆಚ್ಚುಗೆ ಏಕೆಂಬುದೇ ಅವರಿಗೆ ಅರ್ಥವಾಗಿರಲಿಲ್ಲ.

ಒಂದು ವರ್ಷ, ನಾಲ್ಕು ಗೆಲುವು

1930 ಜೋನ್ಸ್ ಅವರ ಬದುಕಿನ ಶಿಖರ. ಆ ವರ್ಷ ಅವರು ಎಂದಿಗಿಂತ ಬೇಗ ಸಿದ್ಧತೆ ಆರಂಭಿಸಿದರು. ಚಳಿಗಾಲದಲ್ಲಿ ಟೆನಿಸ್ ಮತ್ತು ಬ್ಯಾಡ್ಮಿಂಟನ್ ಬೆರೆಸಿದಂತಿದ್ದ ಒಂದು ಆಟವಾಡಿ ಮೈ ಹಗುರ ಮಾಡಿಕೊಂಡರು. ವಸಂತದಲ್ಲಿ ಎರಡು ಟೂರ್ನಿ ಆಡಿ ಕೈ ಪಳಗಿಸಿಕೊಂಡರು. ಮೇ ತಿಂಗಳಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಬ್ರಿಟಿಷ್ ಅಮೆಚೂರ್, ಜೂನ್‌ನಲ್ಲಿ ಹಾಯ್‌ಲೇಕ್‌ನಲ್ಲಿ ಬ್ರಿಟಿಷ್ ಓಪನ್, ಜುಲೈನಲ್ಲಿ ಇಂಟರ್‌ಲಾಕನ್‌ನಲ್ಲಿ ಅಮೆರಿಕ ಓಪನ್, ಸೆಪ್ಟೆಂಬರ್‌ನಲ್ಲಿ ಮೇರಿಯನ್‌ನಲ್ಲಿ ಅಮೆರಿಕ ಅಮೆಚೂರ್, ಹೀಗೆ ಆ ಕಾಲದ ನಾಲ್ಕೂ ಮಹಾ ಪ್ರಶಸ್ತಿಗಳು ಒಂದೇ ವರ್ಷ ಅವರ ಪಾಲಾದವು. ಹದಿನಾಲ್ಕರ ಬಾಲಕನಾಗಿ ಮೊದಲು ಹೆಜ್ಜೆಯಿಟ್ಟ ಮೇರಿಯನ್‌ನಲ್ಲೇ ಕೊನೆಯ ಗೆಲುವೂ ದಕ್ಕಿತು. ಒಂಬತ್ತು ವರ್ಷಗಳ ಹಿಂದೆ ಸೋತು ಹೊರನಡೆದಿದ್ದ ಸೇಂಟ್ ಆಂಡ್ರ್ಯೂಸ್ ಈಗ ಅವರನ್ನು ತನ್ನವರೆಂದು ಅಪ್ಪಿಕೊಂಡಿತು.

ಅದೇ ನವೆಂಬರ್‌ನಲ್ಲಿ, 28ನೆಯ ವಯಸ್ಸಿನಲ್ಲಿ, ಅವರು ಸ್ಪರ್ಧೆಯಿಂದ ನಿವೃತ್ತರಾದರು. ಪಂದ್ಯಗಳ ಒತ್ತಡ ಅವರ ದೇಹವನ್ನು ಹಿಂಡುತ್ತಿತ್ತು. ಒಂದು ಟೂರ್ನಿ ಮುಗಿಯುವಷ್ಟರಲ್ಲಿ ಹಲವು ಪೌಂಡ್ ತೂಕ ಇಳಿಯುತ್ತಿತ್ತು. ನಿವೃತ್ತಿಯ ನಂತರವೇ ಅವರು ಆಟದಿಂದ ಹಣ ಪಡೆದದ್ದು. ವಾರ್ನರ್ ಬ್ರದರ್ಸ್ ಸಂಸ್ಥೆಗಾಗಿ ಗಾಲ್ಫ್ ಕಲಿಸುವ ಕಿರುಚಿತ್ರಗಳಲ್ಲಿ ನಟಿಸಿದರು. ಅಗಸ್ಟಾ ನ್ಯಾಷನಲ್ ಮೈದಾನ ಕಟ್ಟುವುದರಲ್ಲಿ ಮುಂದಾಳಾದರು. 1934ರಲ್ಲಿ ಅಲ್ಲಿ ಆರಂಭವಾದ ಸ್ಪರ್ಧೆಯೇ ಇಂದಿನ ಮಾಸ್ಟರ್ಸ್.

ಈ ಬದುಕಿಗೆ ಇನ್ನೊಂದು ಮಗ್ಗುಲೂ ಇದೆ. ಮನೆಯ ಪಕ್ಕದಲ್ಲೇ ಮೈದಾನ, ಬೆನ್ನಿಗೆ ಅನುಕೂಲಸ್ಥ ತಂದೆ, ಸಂಬಳವಿಲ್ಲದೆ ಆಡಬಲ್ಲ ಸೌಕರ್ಯ ಎಲ್ಲರಿಗೂ ಒದಗುವ ಭಾಗ್ಯವಲ್ಲ. ಮಾಸ್ಟರ್ಸ್‌ನಲ್ಲಿ ಕಪ್ಪು ವರ್ಣೀಯ ಆಟಗಾರರೊಬ್ಬರು, ಲೀ ಎಲ್ಡರ್, ಮೊದಲ ಬಾರಿಗೆ ಆಡಿದ್ದು 1975ರಲ್ಲಿ. ಅಗಸ್ಟಾ ಕ್ಲಬ್ ಕಪ್ಪು ವರ್ಣೀಯ ಸದಸ್ಯರಿಗೆ ಬಾಗಿಲು ತೆರೆದದ್ದು 1990ರಲ್ಲಿ, ಮಹಿಳೆಯರಿಗೆ 2012ರಲ್ಲಿ. ಅಭ್ಯಾಸ ಮಾಡುವ ಛಲಕ್ಕಿಂತ ಮೊದಲು ಅಭ್ಯಾಸ ಮಾಡಲೊಂದು ಜಾಗ ಬೇಕೆಂಬ ಸತ್ಯವನ್ನು ಜೋನ್ಸ್ ಅವರ ಕಥೆ ಮರೆಮಾಚಬಾರದು.

ಕೋಲು ಕೈಬಿಟ್ಟ ಮೇಲೆ

1948ರ ನಂತರ ಜೋನ್ಸ್ ಒಂದು ಸುತ್ತನ್ನೂ ಆಡಲಾಗಲಿಲ್ಲ. ಬೆನ್ನುಹುರಿಗೆ ತಗುಲಿದ ಸಿರಿಂಗೊಮೈಲಿಯಾ ಎಂಬ ಅಪರೂಪದ ರೋಗ ಅವರ ಕೈಕಾಲುಗಳ ಶಕ್ತಿಯನ್ನು ಮೆಲ್ಲಮೆಲ್ಲನೆ ಕಸಿದುಕೊಂಡಿತು. ಊರುಗೋಲು, ಬಳಿಕ ಗಾಲಿಕುರ್ಚಿ. ಆದರೂ ಅವರು ಬರೆದರು, ಕಚೇರಿಯ ಕೆಲಸ ನೋಡಿದರು. 1958ರಲ್ಲಿ ಸೇಂಟ್ ಆಂಡ್ರ್ಯೂಸ್ ನಗರ ಅವರಿಗೆ ಗೌರವ ಪೌರತ್ವ ನೀಡಿತು. ಬೆಂಜಮಿನ್ ಫ್ರಾಂಕ್ಲಿನ್ ನಂತರ ಆ ಗೌರವ ಪಡೆದ ಅಮೆರಿಕನ್ನರು ಅವರೇ. 1971ರ ಡಿಸೆಂಬರ್ 18ರಂದು ಅಟ್ಲಾಂಟಾದಲ್ಲಿ ಅವರು ನಿಧನರಾದರು.

ಕೋಲು ಎಸೆಯುತ್ತಿದ್ದ ಹುಡುಗ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ರೋಗವನ್ನು ಸಿಡುಕಿಲ್ಲದೆ ಸಹಿಸಿದರೆಂದರೆ, ಅವರು ನಿಜಕ್ಕೂ ಪಳಗಿಸಿದ್ದು ಏನನ್ನೆಂಬುದು ತಿಳಿಯುತ್ತದೆ. ಸಂಜೆಯ ಒಂದು ಗಂಟೆಯಷ್ಟೇ ಉಳ್ಳ ಆಟಗಾರ ಯಾವ ಊರಿನವನೇ ಇರಲಿ, ಯಾವ ಆಟದವನೇ ಇರಲಿ, ಆ ಗಂಟೆಯನ್ನು ತನಗೆ ಚೆನ್ನಾಗಿ ಬರುವ ಹೊಡೆತಕ್ಕೆ ಕೊಡದೆ ಬಾರದಿರುವುದಕ್ಕೆ ಕೊಟ್ಟರೆ, ಕೆಟ್ಟ ಹೊಡೆತದ ನಂತರ ಒಂದು ಉಸಿರು ತಾಳಿದರೆ, ಬಾಬಿ ಜೋನ್ಸ್ ನಡೆದ ದಾರಿಯಲ್ಲಿ ಅವನೂ ಇದ್ದಾನೆಂದೇ ತಿಳಿಯಬೇಕು.