ಸರ್ ಎಂ. ವಿಶ್ವೇಶ್ವರಯ್ಯನವರೂ ಭದ್ರಾವತಿಯ ಕಾರ್ಖಾನೆಯೂ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದೊಡನೆ ಕನ್ನಂಬಾಡಿಯ ಕಟ್ಟೆಯೇ ನಮ್ಮೆಲ್ಲರ ಕಣ್ಣ ಮುಂದೆ ನಿಲ್ಲುವುದು. ಆ ಕಥೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಪಾಠಪುಸ್ತಕಗಳಲ್ಲಿ ಓದಿಯೇ ಇರುವರಾದ್ದರಿಂದ ಅದನ್ನಿಲ್ಲಿ ವಿಸ್ತರಿಸದೆ, ದಿವಾನಗಿರಿಯನ್ನು ಬಿಟ್ಟ ಮೇಲೆ ಅವರು ಕೈಗೊಂಡ ಇನ್ನೊಂದು ಕಾರ್ಯವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

1861ರಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಇವರು ಚಿಕ್ಕಂದಿನಲ್ಲಿಯೇ ಪಿತೃವಿಯೋಗವನ್ನು ಅನುಭವಿಸಿ, ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ, ಅನಂತರ ಪುಣೆಯಲ್ಲಿಯೂ ವ್ಯಾಸಂಗ ಮಾಡಿದರು. 1884ರಿಂದ ಮುಂಬಯಿ ಸರ್ಕಾರದ ಸೇವೆ, 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಪದವಿ, 1912ರಿಂದ 1918ರವರೆಗೆ ದಿವಾನಗಿರಿ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಕೋಮುಗಳಿಗೆ ಮೀಸಲು ಭಾಗವಿರಬೇಕೆಂಬ ವಿಚಾರದಲ್ಲಿ ಅಭಿಪ್ರಾಯಭೇದವುಂಟಾಗಲು, ಅವರು ಅಧಿಕಾರವನ್ನು ತ್ಯಜಿಸಿದರು. ಈ ವಿಚಾರದಲ್ಲಿ ಕಾಲವು ಶ್ರೀ ಕೃಷ್ಣರಾಜ ಒಡೆಯರವರ ಪಕ್ಷವನ್ನೇ ಹಿಡಿಯಿತೆಂದು ನಮಗೆ ತೋರುತ್ತದೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಅವರ ದಿವಾನಗಿರಿಯ ಕಾಲದಲ್ಲಿಯೇ ಸಂಕಲ್ಪಿಸಲ್ಪಟ್ಟುದು. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಹೇರಳವಾಗಿದ್ದಿತು, ಭದ್ರಾನದಿಯ ನೀರು ಬಳಿಯಲ್ಲಿಯೇ ಇದ್ದಿತು, ಇಲ್ಲದಿದ್ದುದು ಕಲ್ಲಿದ್ದಲು. ಆದುದರಿಂದ ಮಲೆನಾಡಿನ ಮರಗಳನ್ನು ಸುಟ್ಟು ಇದ್ದಿಲು ಮಾಡಿ, ಅದರಿಂದಲೇ ಅದಿರನ್ನು ಕರಗಿಸುವ ಏರ್ಪಾಡಾಯಿತು. ಮರವನ್ನು ಸುಡುವಾಗ ಹೊರಡುವ ಹೊಗೆಯನ್ನೂ ವ್ಯರ್ಥಗೊಳಿಸದೆ ಟಾರು ಮುಂತಾದುವನ್ನು ತೆಗೆಯುತ್ತಿದ್ದರು. ಅದಕ್ಕಾಗಿ ಎಷ್ಟು ಕಾಡು ಬರಿದಾಯಿತೆಂಬುದನ್ನು ನೆನೆದರೆ ಇಂದು ನಮಗೆ ವ್ಯಥೆಯಾಗದಿರದು.

1923ರ ಜನವರಿಯಲ್ಲಿ ಕುಲುಮೆಯಿಂದ ಮೊದಲ ಕಬ್ಬಿಣವು ಹರಿಯಿತು. ಆದರೆ ಅಷ್ಟರಲ್ಲಿ ಮಹಾಯುದ್ಧವು ಮುಗಿದು ಕಬ್ಬಿಣದ ಬೆಲೆ ಕುಸಿದಿದ್ದಿತು. ಕಾರ್ಖಾನೆಗೆ ನಷ್ಟ; ಸಂಸ್ಥಾನದ ಹಣವು ಹಾಳಾಯಿತೆಂಬ ಟೀಕೆ. ಇಂತಹ ಸಮಯದಲ್ಲಿ ಸರ್ಕಾರದವರು ಅದರ ಆಡಳಿತ ಮಂಡಲಿಯ ಅಧ್ಯಕ್ಷಸ್ಥಾನವನ್ನು ವಹಿಸಬೇಕೆಂದು ಇವರನ್ನೇ ಕೇಳಿಕೊಂಡರು. ಅರುವತ್ತು ದಾಟಿದ, ನಾಡಿನ ಅತ್ಯುನ್ನತ ಪದವಿಯಲ್ಲಿದ್ದು ಬಂದ ಪುರುಷನು ನಷ್ಟದಲ್ಲಿರುವ ಕಾರ್ಖಾನೆಯೊಂದರ ಲೆಕ್ಕಪುಸ್ತಕಗಳ ಮುಂದೆ ಕುಳಿತುಕೊಳ್ಳುವುದು ಸಾಮಾನ್ಯ ಸಂಗತಿಯಲ್ಲ. ಬೇರೆಯವರಾಗಿದ್ದರೆ ಮಾನಕ್ಕೆ ಅಂಜಿ ದೂರವಿರುತ್ತಿದ್ದರೇನೋ! ಇವರು ಒಪ್ಪಿಕೊಂಡರು. ವೆಚ್ಚವನ್ನು ಬಿಗಿಹಿಡಿದರು, ಪರದೇಶದ ತಜ್ಞರ ಸ್ಥಾನಗಳಲ್ಲಿ ನಮ್ಮ ನಾಡಿನ ತರುಣರನ್ನೇ ತರಬೇತುಗೊಳಿಸಿ ನಿಲ್ಲಿಸಿದರು. 1929ರಲ್ಲಿ ಅವರು ಅಲ್ಲಿಂದ ಬಿಡುಗಡೆ ಹೊಂದಿದರು. 1936ರಲ್ಲಿ ಅಲ್ಲಿ ಉಕ್ಕಿನ ತಯಾರಿಕೆಯೂ ಆರಂಭವಾಯಿತು.

ಈ ನಡುವೆ 1927ರಿಂದ ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪೆನಿಯ ನಿರ್ದೇಶಕರಲ್ಲೊಬ್ಬರಾಗಿಯೂ ಅವರು ಬಹುಕಾಲ ದುಡಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿಯು ದೊರೆಯಿತು, 1962ರಲ್ಲಿ ದಿವಂಗತರಾದರು. ಕಾರ್ಖಾನೆಗೆ ಮುಂದೆ ಅವರ ಹೆಸರನ್ನೇ ಇಡಲಾಯಿತು.

ಭದ್ರಾವತಿಯಲ್ಲಿ ದುಡಿದ ವರ್ಷಗಳಲ್ಲಿ ಅವರು ಸಂಬಳವನ್ನು ತೆಗೆದುಕೊಳ್ಳಲಿಲ್ಲ. ಸರ್ಕಾರದವರು ಕೊಡಬಂದ ಆ ಹಣವನ್ನು ಬಾಲಕರಿಗೆ ಕೈಕಸಬು ಕಲಿಸುವ ಶಾಲೆಯೊಂದಕ್ಕೆ ವಿನಿಯೋಗಿಸಬೇಕೆಂದು ತಿಳಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಯು ಆ ಹಣದಿಂದ ಹುಟ್ಟಿದುದು.