ನೀರನ್ನು ತೂಗಿದ ಲವಾಸಿಯೆ

ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆಂಬುದನ್ನು ನಮ್ಮ ಶಾಲೆಯ ಚಿಕ್ಕ ಮಕ್ಕಳೂ ಬಲ್ಲರು. ಮಿಲಿಲೀಟರಿಗೆ ಗ್ರಾಂ, ಘನಮೀಟರಿಗೆ ಟನ್ನು. ಅಂಕಿ ಹಾಗೆಯೇ ಉಳಿದು ಹೆಸರು ಮಾತ್ರ ಬದಲಾಗುತ್ತದೆ. ಈ ಸೌಕರ್ಯವನ್ನು ಬೇಕೆಂದೇ ಏರ್ಪಡಿಸಿದವರಲ್ಲಿ ಪ್ರಮುಖನು ಫ್ರಾನ್ಸಿನ ಆಂತ್ವಾನ್ ಲವಾಸಿಯೆ.

1743ರ ಆಗಸ್ಟ್ 26ರಂದು ಪ್ಯಾರಿಸಿನ ವಕೀಲನೊಬ್ಬನ ಮನೆಯಲ್ಲಿ ಹುಟ್ಟಿದ ಆತನು ನ್ಯಾಯಶಾಸ್ತ್ರವನ್ನೇ ಓದಿದನು. ಆದರೆ ಮನಸ್ಸು ರಸಾಯನದಲ್ಲಿತ್ತು. ನೀರನ್ನು ಬಹುಕಾಲ ಕಾಯಿಸಿದರೆ ಅದು ಮಣ್ಣಾಗುವುದೆಂದು ಆಗ ಪಂಡಿತರೂ ನಂಬಿದ್ದರು. ಲವಾಸಿಯೆಯು ಗಾಜಿನ ಪಾತ್ರೆಯಲ್ಲಿ ನೀರನ್ನು ಭದ್ರವಾಗಿ ಮುಚ್ಚಿ 101 ದಿನಗಳ ಕಾಲ ಕಾಯಿಸಿದನು. ತಳದಲ್ಲಿ ಪುಡಿಯೇನೋ ಕಂಡಿತು. ತೂಗಿ ನೋಡಿದರೆ ಕುಗ್ಗಿದ್ದುದು ಪಾತ್ರೆಯ ತೂಕ! ಪುಡಿಯು ಗಾಜಿನಿಂದಲೇ ಬಂದಿತ್ತು. ಮುಂದೆ 1783ರಲ್ಲಿ, ನೀರು ಜಲಜನಕ ಮತ್ತು ಆಮ್ಲಜನಕಗಳ ಸಂಯೋಗವೆಂದು ಸಾರಿದನು.

ಆ ದೇಶದಲ್ಲಿ ಆಗ ಊರಿಗೊಂದು ಅಳತೆಯಿತ್ತು. ಕ್ರಾಂತಿಯ ಕಾಲದಲ್ಲಿ ಎಲ್ಲೆಡೆಗೂ ಒಂದೇ ಮಾನವನ್ನು ತರಬೇಕೆಂದಾಗ, ತೂಕದ ಕೆಲಸವು ಲವಾಸಿಯೆ ಮತ್ತು ಆವುಯಿ ಎಂಬ ವಿದ್ವಾಂಸರ ಪಾಲಿಗೆ ಬಂದಿತು. 1793ರಲ್ಲಿ ಅವರು ಗಾತ್ರ ಗೊತ್ತಿದ್ದ ಲೋಹದ ಉರುಳೆಯೊಂದನ್ನು ಮೊದಲು ಗಾಳಿಯಲ್ಲಿಯೂ ಬಳಿಕ ಬಟ್ಟಿಯಿಳಿಸಿದ ನೀರಿನಲ್ಲಿಯೂ ತೂಗಿದರು. ನೀರಿನಲ್ಲಿ ಎಷ್ಟು ತೂಕ ಕಡಿಮೆಯಾಯಿತೋ ಅಷ್ಟೇ ಆ ಉರುಳೆಯು ಸರಿಸಿದ ನೀರಿನ ತೂಕ. ಹೀಗೆ ಹತ್ತು ಸೆಂಟಿಮೀಟರ್ ಬದಿಯ ಘನದಲ್ಲಿ, ಅಂದರೆ ಒಂದು ಲೀಟರಿನಲ್ಲಿ ಹಿಡಿಯುವ ನೀರಿನ ತೂಕವು ಲೆಕ್ಕಕ್ಕೆ ಸಿಕ್ಕಿತು. ಅದನ್ನೇ ಹೊಸ ಮಾನವಾಗಿ ಇಟ್ಟುಕೊಂಡರು. ಶಾಲೆಯ ಲೆಕ್ಕದಲ್ಲಿ ಎಣ್ಣೆಗೂ ಹಾಲಿಗೂ ಇದೇ ಸೂತ್ರವನ್ನು ಹಚ್ಚುವವರನ್ನು ನಾವು ಕಂಡಿದ್ದೇವೆ. ಲೀಟರ್ ಹಾಲು ಸುಮಾರು 1030 ಗ್ರಾಂ, ಶೇಂಗಾ ಎಣ್ಣೆ ಸುಮಾರು 915 ಗ್ರಾಂ ತೂಗುತ್ತದೆ. ನೀರು ಕೂಡ ಬಿಸಿಯಲ್ಲಿ ಹಿಗ್ಗುವುದರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 996 ಗ್ರಾಂ ಮಾತ್ರ.

ಲವಾಸಿಯೆಯು 1768ರಲ್ಲಿ ಅರಸನ ತೆರಿಗೆ ಗುತ್ತಿಗೆದಾರರ ಕೂಟವನ್ನು ಸೇರಿದ್ದನು. ಬಡವರ ಉಪ್ಪಿನ ಮೇಲೂ ತೆರಿಗೆ ಎತ್ತಿದ ಕೂಟವದು. ಜನರ ದ್ವೇಷವು ನಿಷ್ಕಾರಣವಾಗಿರಲಿಲ್ಲವೆಂದೇ ನಾವು ಹೇಳಬೇಕು. 1793ರ ನವೆಂಬರಿನಲ್ಲಿ ಆತನು ಸೆರೆಯಾದನು. ತೂಕ ಅಳತೆಗಳ ಕೆಲಸಕ್ಕಾಗಿಯಾದರೂ ಬಿಡಬೇಕೆಂದು ಸಹೋದ್ಯೋಗಿಗಳು ಬೇಡಿಕೊಂಡರು, ಫಲವಾಗಲಿಲ್ಲ. 1794ರ ಮೇ 8ರಂದು ಸ್ವಂತ ಮಾವನೂ ಸೇರಿ ಇತರ 27 ಮಂದಿಯೊಡನೆ ಆತನ ಶಿರಚ್ಛೇದವಾಯಿತು. ಆಗ ವಯಸ್ಸು ಐವತ್ತು.

ಗ್ರಾಂ ಎಂಬ ಹೆಸರು ಕಾನೂನಿಗೆ ಬಂದದ್ದು ಮರುವರ್ಷ, 1795ರಲ್ಲಿ. ಬಳಿಕ ಲೆಫೆವ್ರ್ ಜಿನೋ ಮತ್ತು ಫಾಬ್ರೋನಿ ಎಂಬವರು, ನೀರು ಅತ್ಯಂತ ಸಾಂದ್ರವಾಗಿರುವ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಆಧಾರವಾಗಿಟ್ಟು ಇನ್ನೊಮ್ಮೆ ತೂಗಿದರು. ಅದಕ್ಕೆ ಸರಿಯಾಗಿ ತಯಾರಿಸಿದ ಪ್ಲಾಟಿನಮ್ ತೂಕದ ಬಟ್ಟನ್ನು 1799ರ ಜೂನಿನಲ್ಲಿ ಪ್ಯಾರಿಸಿನ ದಫ್ತರಖಾನೆಯಲ್ಲಿ ಇರಿಸಲಾಯಿತು.